ಅರ್ಧಚಂದ್ರ

ನಮ್ಮೂರಿನಲ್ಲಿ ಗಂಡಸಿನ ಬಲಗೆನ್ನೆಯೊಂದೇ ಹೊಳೆದರೆ ಅವನ ಮನೆಯ ಸಾರಿಗೆ ಒಂದು ವಾರ ಉಪ್ಪು ಬೀಳುವುದಿಲ್ಲ. ಬೇರೆ ಊರಿನವರಿಗೆ ಇದು ತಲೆಗೆ ಹೋಗಲಿಕ್ಕಿಲ್ಲ, ಅದಕ್ಕೇ ಹೇಳಿಬಿಡುತ್ತೇನೆ. ನಮ್ಮ ಟಾಕೀಸಿನಲ್ಲಿ ಮನಸ್ಸು ಕೊಟ್ಟು ಕೂತವರ ಮುಖದ ಮೇಲೆ ತೆರೆಯ ಬೆಳಕು ಉಳಿದುಬಿಡುತ್ತದೆ. ಸುಮಾರಾದ ಸಿನಿಮಾ ಆದರೆ ಮನೆ ತಲುಪುವವರೆಗೆ, ಚೆನ್ನಾಗಿದ್ದರೆ ನಾಲ್ಕು ದಿನ, ತೀರಾ ಹಿಡಿಸಿಬಿಟ್ಟರೆ ಹತ್ತು ಹನ್ನೆರಡು ದಿನ. ಕಡಲೆಹಿಟ್ಟು ಹಚ್ಚಿ ತಿಕ್ಕಿದರೂ ಹೋಗುವುದಿಲ್ಲ. ಹೆದರಿಕೊಂಡು ಬೆರಳ ಸಂದಿಯಲ್ಲಿ ನೋಡಿದವರ ಮುಖ ಗೆರೆಗೆರೆಯಾಗಿ ಬರುತ್ತದೆ. ನಿದ್ದೆ ಹೊಡೆದವರ ಮುಖ ಹೋದ ಹಾಗೇ ವಾಪಸ್ಸು ಬರುತ್ತದೆ. ಹೀಗಾಗಿ ಸಿನಿಮಾ ಹೇಗಿದೆ ಎಂದು ನಮ್ಮಲ್ಲಿ ಯಾರೂ ಯಾರನ್ನೂ ಬಾಯಿಬಿಟ್ಟು ಕೇಳುವುದಿಲ್ಲ.

ಟಾಕೀಸಿನೊಳಗೆ ಹೆಂಗಸರು ಎಡಕ್ಕೆ, ಗಂಡಸರು ಬಲಕ್ಕೆ, ನಡುವೆ ಸೊಂಟದೆತ್ತರದ ಒಂದು ಮೋಟು ಗೋಡೆ. ಹಿರಿಯರು ಮರ್ಯಾದೆಗೆಂದು ಕಟ್ಟಿಸಿದ್ದು. ಆದರೆ ಆ ಗೋಡೆಯಿಂದಲೇ ಎಲ್ಲರ ಬಂಡವಾಳ ಬಯಲಾಗುವುದು. ತೆರೆ ಬಿಟ್ಟು ಹೆಂಗಸರ ಕಡೆ ತಿರುಗಿ ಕೂತ ಗಂಡಸಿಗೆ ಬಲಗೆನ್ನೆ ಮಾತ್ರ ಬೆಳಗುತ್ತದೆ. ಗಂಡಸರ ಕಡೆ ತಿರುಗಿದ ಹೆಂಗಸಿಗೆ ಎಡಗೆನ್ನೆ. ಅಂಥವರಿಗೆ ಊರು ಇಟ್ಟ ಹೆಸರು ಅರ್ಧಚಂದ್ರ. ಅರ್ಧಚಂದ್ರನಾಗಿ ಬಂದವನಿಗೆ ಹೆಂಡತಿ ಅರ್ಧಚಂದ್ರ ಪ್ರಯೋಗ ಮಾಡಿ ಕುತ್ತಿಗೆ ಹಿಡಿದು ಹೊರಗೆ ದಬ್ಬಿದ ಕಥೆಗಳು ಬೇಕಾದಷ್ಟಿವೆ. ಹಾಗಾಗಬಾರದೆಂದು ಒಂದು ಪದ್ಧತಿ ಬಂದಿದೆ. ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಒಂದೇ ಪ್ರಶ್ನೆ ಕೇಳಬೇಕು: "ಯಾವ ಸೀಟು?" ಅಂದರೆ, ಕಣ್ಣು ಹೋದದ್ದು ಯಾವ ಸೀಟಿನ ಕಡೆಗೆ ಎಂದು. ಅದಕ್ಕೆ ಸುಳ್ಳು ಹೇಳುವ ಹಾಗಿಲ್ಲ. ಉತ್ತರ ಹೊಸ್ತಿಲು ದಾಟುವ ಹಾಗೂ ಇಲ್ಲ.

ನಾನು ಸುಲೋಚನ. ಸೀರೆಗಳಿಗೆ ಫಾಲ್ಸ್ ಹಾಕುತ್ತೇನೆ. ಹೊಟ್ಟೆಕಿಚ್ಚು ನನಗೆ ಹುಟ್ಟಿನಿಂದ ಬಂದದ್ದು, ಅದನ್ನು ಮುಚ್ಚಿಟ್ಟು ನನಗೆ ಅಭ್ಯಾಸವಿಲ್ಲ. ತೊಟ್ಟಿಲಲ್ಲಿ ತಂಗಿಯನ್ನು ನೋಡಿ ಮೂರು ದಿನ ಅನ್ನ ಬಿಟ್ಟಿದ್ದೆನಂತೆ. ನಮ್ಮನೆಯವರು ಪರಶಿವ, ಪೇಟೆಬೀದಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಾರೆ. ಸಾಸಿವೆಕಾಳಿನಷ್ಟು ಹಲ್ಲಿನ ಚಕ್ರವನ್ನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸರಿಮಾಡುವ ಮನುಷ್ಯನಿಗೆ ಮಾರು ದೂರದಲ್ಲಿ ನಿಂತವರು ಯಾರೆಂದು ಗೊತ್ತಾಗುವುದಿಲ್ಲ. ಕನ್ನಡಕ ಮಾಡಿಸಿಕೊಳ್ಳಿ ಅಂದರೆ, "ನಂಗ್ಯಾಕೆ ಇನ್ನೊಂದು ಸುಲೋಚನ? ಇರೋದು ಒಂದನ್ನೇ ಸಂಭಾಳಿಸೋಕೆ ಆಗ್ತಿಲ್ಲ" ಅನ್ನುತ್ತಾರೆ. ಮದುವೆಯಾಗಿ ಹನ್ನೆರಡು ವರ್ಷ. ಅಷ್ಟು ವರ್ಷದಲ್ಲಿ ಎಷ್ಟು ಸಿನಿಮಾಕ್ಕೆ ಎಳೆದುಕೊಂಡು ಹೋಗಿದ್ದೇನೋ, ಅವರ ಮುಖಕ್ಕೆ ಒಂದು ಚುಕ್ಕೆ ಬೆಳಕು ಹತ್ತಿದ್ದಿಲ್ಲ. ಹೆಸರು ತೋರಿಸುವಾಗಲೇ ಗೊರಕೆ ಶುರು.

ಈ ಬೇಸಿಗೆಯಲ್ಲಿ ಏಜೆಂಟ್ ಚಕೋರನ ಎರಡನೇ ಭಾಗ ಬಂತು. ಮೊದಲನೆಯದು ಬಂದು ಆರು ವರ್ಷವಾಗಿತ್ತು. ಆಗ ನನ್ನ ಮುಖದಲ್ಲಿ ಬೆಳಕು ಹನ್ನೊಂದು ದಿನ ನಿಂತಿತ್ತು, ಕರೆಂಟು ಹೋದಾಗ ಅದೇ ಬೆಳಕಿನಲ್ಲಿ ಅಕ್ಕಿ ಆರಿಸಿದ್ದೆ. ಎರಡನೆಯದಕ್ಕೆ ಮೊದಲನೆಯದರ ಹತ್ತರಷ್ಟು ಖರ್ಚು ಮಾಡಿದ್ದಾರೆ, ಮೂರು ಹೆಲಿಕಾಪ್ಟರ್ ನಿಜವಾಗಿಯೂ ಸುಟ್ಟಿದ್ದಾರೆ ಎಂದು ಯುಗಾದಿಯಿಂದಲೇ ಮಾತು. ಮೊದಲ ಭಾಗದಲ್ಲಿ ನಾಯಕಿ ಉಟ್ಟಿದ್ದ ಕಪ್ಪಂಚಿನ ಕೆಂಪು ಸೀರೆಯನ್ನು ಜವಳಿ ಅಂಗಡಿಯವನು ಮೂಟೆಗಟ್ಟಲೆ ತರಿಸಿದ. ಊರಿನ ಹೆಂಗಸರಿಗೆಲ್ಲ ಅದೇ ಬೇಕು. ನಾನೊಬ್ಬಳೇ ಮೂವತ್ತನಾಲ್ಕು ಕೆಂಪು ಸೀರೆಗಳಿಗೆ ಫಾಲ್ಸ್ ಹಾಕಿದೆ. ಒಂದೊಂದು ಹೊಲಿಗೆಗೂ ಇದು ಅವಳಿಗೆ ಒಪ್ಪುವುದಿಲ್ಲ, ಇದು ಇವಳಿಗೆ ಒಪ್ಪುವುದಿಲ್ಲ ಎಂದುಕೊಳ್ಳುತ್ತಲೇ ಹಾಕಿದೆ. ಮೂವತ್ತೈದನೆಯದು ನನ್ನದು.

ಮೊದಲ ಶುಕ್ರವಾರದ ಮ್ಯಾಟಿನಿ. ಹೆಂಗಸರ ಕಡೆ ಮೆಣಸಿನಕಾಯಿ ಒಣಹಾಕಿದ ಹಾಗೆ ಎಲ್ಲಿ ನೋಡಿದರೂ ಕೆಂಪು. ನನ್ನ ಸೀಟು ಯಾವತ್ತೂ ಎಫ್ ಒಂಬತ್ತು, ಮೋಟು ಗೋಡೆಗೆ ಒತ್ತಿಕೊಂಡಿರುವುದು. ಗೋಡೆಯ ಆಚೆ ನಾಲ್ಕು ಸೀಟು ಬಿಟ್ಟು ನಮ್ಮನೆಯವರು. ಅವತ್ತು ನನ್ನ ಮುಂದೆ ಹೈಸ್ಕೂಲಿನ ಹೆಡ್‌ಮಿಸ್ಸು ಗೋಪುರದಂಥ ತುರುಬು ಕಟ್ಟಿಕೊಂಡು, ಅದಕ್ಕೆ ಎರಡು ಮೊಳ ಮಲ್ಲಿಗೆ ಸುತ್ತಿಕೊಂಡು ಬಂದು ಕೂತರು. ನನಗೆ ಕಾಣುವುದು ಬರೀ ಮಲ್ಲಿಗೆ. ಸಾಲಿನ ಆ ತುದಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಗೌರಾ ಕೂತಿದ್ದಳು. ಮೂವತ್ತೆಂಟಾದರೂ ಮದುವೆಯಿಲ್ಲ, ಅಪ್ಪ ಹೋದ ಮೇಲೆ ಮಿಲ್ಲನ್ನು ಒಬ್ಬಳೇ ನೋಡಿಕೊಳ್ಳುತ್ತಾಳೆ. ಏಣಿಯಿಲ್ಲದೆ ಮೆಷಿನ್ನಿನ ಬೆಲ್ಟು ಹಾಕುವಷ್ಟು ಎತ್ತರದ ಆಳು.

"ಗೌರಾ, ನೀನು ಎತ್ತರ ಇದ್ದೀಯ. ಇಲ್ಲಿಗೆ ಬಾರೇ, ನಾನು ಅಲ್ಲಿ ಕೂತ್ಕೋತೀನಿ" ಅಂದೆ.

ಅವಳು ಪಾಪ, "ಬನ್ನಿ ಸುಲೋಚನಕ್ಕ" ಎಂದು ಎದ್ದು ಬಂದಳು. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಅಂದರೆ ಇದೇ.

ಸಿನಿಮಾ ಬಗ್ಗೆ ನನ್ನ ತಕರಾರಿಲ್ಲ. ಮೋಟಾರು ದೋಣಿ ಅಣೆಕಟ್ಟಿನ ಮೇಲಿಂದ ಹಾರಿತು, ಚಕೋರ ಶತ್ರುವಿನ ಮನೆಯಲ್ಲೇ ಅಡುಗೆಭಟ್ಟನಾಗಿ ಸೇರಿಕೊಂಡ, ಸೇತುವೆ ಮುರಿದು ರೈಲಿನ ಒಂದು ಡಬ್ಬಿ ಗಾಳಿಯಲ್ಲಿ ನೇತಾಡಿತು. ಮಗ ಸತ್ತನೆಂದು ತಿಥಿ ಮಾಡುತ್ತಿದ್ದ ತಾಯಿಯ ಎದುರಿಗೆ ಅವನೇ ಅಡುಗೆಯವನ ವೇಷದಲ್ಲಿ ಪಾಯಸ ಬಡಿಸಿದಾಗ ಟಾಕೀಸೇ ಅತ್ತಿತು. ನಾನೂ ಅತ್ತೆ. ಎರಡೂಮುಕ್ಕಾಲು ಗಂಟೆ ನನಗೆ ಗಂಡನಿದ್ದಾನೆಂಬುದೇ ಮರೆತುಹೋಗಿತ್ತು.

ಹೊರಗೆ ಬೇವಿನ ಮರದ ನೆರಳಿನಲ್ಲಿ ಎಲ್ಲರ ಮುಖಗಳೂ ಒಂದೊಂದಾಗಿ ಬೆಳಗಿದವು. ಕಾಂಪೌಂಡರ್ ರುದ್ರೇಶ, "ಮೊದಲನೇದರ ಕಾಲಧೂಳಿಗೂ ಬರಲ್ಲ ಬಿಡ್ರೀ" ಎನ್ನುತ್ತಿದ್ದ, ಆದರೆ ಅವನ ಹಣೆ ಟ್ಯೂಬ್‌ಲೈಟಿನ ಹಾಗೆ ಉರಿಯುತ್ತಿತ್ತು. "ನಿನ್ನ ಹಣೆ ಬೇರೆ ಏನೋ ಹೇಳ್ತಿದೆಯಲ್ಲಪ್ಪ" ಎಂದು ಯಾರೋ ಕಾಲೆಳೆದರು. ಚಕೋರನಿಗೆ ವಯಸ್ಸಾಯಿತು, ಓಡುವಾಗ ಸೊಂಟ ಹಿಡಿದುಕೊಳ್ಳುತ್ತಾನೆ ಎಂದು ಒಬ್ಬರು. ಅದೇ ನಿಜ, ನಮಗೂ ವಯಸ್ಸಾಗಿಲ್ಲವೇ ಎಂದು ಇನ್ನೊಬ್ಬರು. ನನ್ನ ಮುಖ ಇಡಿಯಾಗಿ, ಕಿವಿಯಿಂದ ಕಿವಿಗೆ ಬೆಳಗಿತ್ತು. ನಾನು ಬೀಗುತ್ತ ನಿಂತಿದ್ದಾಗ ಗಂಡಸರ ಬಾಗಿಲಿನಿಂದ "ಹೋ" ಎಂದು ಗುಲ್ಲೆದ್ದಿತು.

"ಅರ್ಧಚಂದ್ರ! ಮೂರು ಅರ್ಧಚಂದ್ರ!"

ಒಬ್ಬ ಹಾಲಿನ ಡೈರಿಯ ಗುಮಾಸ್ತ, ಅವನು ಪ್ರತಿ ಸಿನಿಮಾಕ್ಕೂ ಅರ್ಧಚಂದ್ರನೇ. ಎರಡನೆಯವನು ಹೆಂಡತಿ ಸತ್ತು ನಾಲ್ಕು ವರ್ಷವಾಗಿದ್ದ ಬಸ್ ಏಜೆಂಟ್ ಮುಕುಂದ. ಮೂರನೆಯವರು ನಮ್ಮನೆಯವರು. ಹನ್ನೆರಡು ವರ್ಷ ಕತ್ತಲಾಗಿದ್ದ ಮುಖ, ಬಲಗೆನ್ನೆ ಮಾತ್ರ ಹಾಲು ಚೆಲ್ಲಿದ ಹಾಗೆ.

ಮನೆಗೆ ಬಂದು ಬಾಗಿಲು ಹಾಕಿದೆ. ಚಿಲಕ ಹಾಕಿದೆ. ಕಿಟಕಿಯನ್ನೂ ಮುಚ್ಚಿದೆ.

"ಯಾವ ಸೀಟು?"

ಅವರು ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ನಾಚಿಕೊಂಡು ನಕ್ಕರು. "ಎಫ್ ಒಂಬತ್ತು. ಇನ್ಯಾವ್ದು? ನಿನ್ನ ಸೀಟೇ."

ಈ ಪದ್ಧತಿಯಲ್ಲಿ ಹೆಂಡತಿಗೆ ಸಿಗಬಹುದಾದ ಉತ್ತರಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ಅಕ್ಕಪಕ್ಕದವರಿಗೆ ಈ ಉತ್ತರ ಸಿಕ್ಕಿದ್ದರೆ ಅವತ್ತು ಹೋಳಿಗೆ ಮಾಡುತ್ತಿದ್ದರು. ನಾನು ಒಲೆಯ ಕಡೆಗೂ ಹೋಗಲಿಲ್ಲ. ಏಕೆಂದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ.

"ಬಾಂಬ್ ಶಬ್ದಕ್ಕೆ ಎಚ್ಚರ ಆಯ್ತು ಕಣೇ. ತಿರುಗಿ ನೋಡ್ತೀನಿ, ಆ ರೈಲು ನೇತಾಡೋವಾಗ ನೀನು ಎರಡೂ ಕೈ ತಲೆ ಮೇಲಿಟ್ಕೊಂಡು, ಮೊಣಕೈ ಹಿಂಗೆ ಅಗಲಿಸಿ, ಒಂದು ಭುಜ ಮೇಲೆತ್ತಿ ಕೂತಿದ್ದೆ. ಮುಖ ಕಾಣ್ಲಿಲ್ಲ. ಕೆಂಪು ಸೀರೆ, ಆ ಕೈ, ಅಷ್ಟೇ. ಆಮೇಲೆ ನಿದ್ದೇನೇ ಬರ್ಲಿಲ್ಲ. ಇಂಟರ್‌ವಲ್ಲಲ್ಲಿ ಟೀ ಕುಡಿಯೋಕೆ ಹೋದೋನು ಅರ್ಧ ಲೋಟ ಬಿಟ್ಟು ಓಡಿ ಬಂದೆ. ತಿಥಿ ಸೀನಲ್ಲಿ ಎಲ್ಲಾರೂ ಅಳ್ತಿದ್ರೆ ನೀನೊಬ್ಳೇ ಬಾಯಿಗೆ ಸೆರಗು ಒತ್ಕೊಂಡು ನಗ್ತಿದ್ದೆ, ಮೈಯೆಲ್ಲ ಕುಲುಕ್ತಿತ್ತು." ಚಪ್ಪಲಿ ಬಿಡುತ್ತ ಅಂದರು, "ನೀನು ಹಿಂಗೂ ಇದ್ದೀಯಾ ಅಂತ ನಂಗೆ ಗೊತ್ತೇ ಇರ್ಲಿಲ್ಲ ಸುಲೋಚನ."

ನಾನು ಹಾಗಿಲ್ಲ. ನಾನು ತಿಥಿಯಲ್ಲಿ ಅಳುವವಳು. ತಲೆಯ ಮೇಲೆ ಕೈಯಿಟ್ಟುಕೊಂಡರೆ ದರಿದ್ರ ಬರುತ್ತದೆಂದು ನನ್ನ ಅಮ್ಮ ಹೊಡೆದು ಕಲಿಸಿದ್ದಾಳೆ. ಸೀಟು ಬದಲಿಸಿದ್ದು ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವರ ಕೆನ್ನೆ ನೋಡಿದೆ. ಮುಚ್ಚಿದೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಹನ್ನೆರಡು ವರ್ಷದ ಮೇಲೆ ಈ ಮನುಷ್ಯ ಕಣ್ಣು ತೆರೆದು ಹಿತ್ತಲ ಗಿಡವನ್ನು ನೋಡಿದ, ಆ ಹೊತ್ತಿಗೆ ಸರಿಯಾಗಿ ನಾನು ಅಲ್ಲಿ ಪಕ್ಕದ ಮನೆಯ ಗಿಡವನ್ನು ನಿಲ್ಲಿಸಿ ಹೋಗಿದ್ದೆ.

ಆಮೇಲಿನ ದಿನಗಳು ನನಗೇ ಬೇಡ. ಅವರು ಊಟಕ್ಕೆ ಕೂತಾಗಲೆಲ್ಲ ಬಲಗೆನ್ನೆಯ ಬೆಳಕು ತಟ್ಟೆಯ ಅಂಚಿಗೆ ಬೀಳುತ್ತಿತ್ತು. ನಾನು ಬಡಿಸುವಾಗ ಎಡಕ್ಕೇ ನಿಲ್ಲುತ್ತಿದ್ದೆ. ಅವರೋ, ಹೊಸದಾಗಿ ಮದುವೆಯಾದವರ ಹಾಗೆ ನನ್ನನ್ನು ನೋಡುವರು. ಸಾಸಿವೆ ಸಿಡಿದರೆ ನಾನೇನಾದರೂ ತಲೆಗೆ ಕೈಯಿಡುತ್ತೇನೋ ಎಂದು ಕಾಯುವರು. ಮಲ್ಲಿಗೆ ತಂದರು. ಯಾರ ಪಾಲಿನ ಮಲ್ಲಿಗೆಯೋ ಎಂದು ಮುಡಿಯದೆ ದೇವರಿಗಿಟ್ಟೆ. ನಾಲ್ಕನೇ ದಿನಕ್ಕೆ ನನ್ನ ಮುಖದ ಬೆಳಕು ಆರಿತು. ಅವರದು ಒಂದಿಷ್ಟೂ ಕುಂದಿರಲಿಲ್ಲ. ಐದನೇ ದಿನ ಹಿಟ್ಟು ತೀರಿರದಿದ್ದರೂ ಎರಡು ಸೇರು ಗೋಧಿ ಡಬ್ಬಿಗೆ ಸುರಿದುಕೊಂಡು ಮಿಲ್ಲಿಗೆ ಹೋದೆ.

ಗೌರಾ ಎಂದಿನಂತೆ ತಲೆಯಿಂದ ಕಾಲಿನವರೆಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು. ಮಿಲ್ಲಿಗೆ ಬಂದ ಒಬ್ಬರಿಗೂ ಗೊತ್ತಾಗಿರಲಿಲ್ಲ. ನನಗೆ ಗೊತ್ತಾಯಿತು. ಎಡಗಡೆ ಹಿಟ್ಟಿನ ಕೆಳಗಿನಿಂದ ಏನೋ ಬೆಳ್ಳಗೆ ಮಿನುಗುತ್ತಿತ್ತು. ಕೇಳದೆ ಕೈಚಾಚಿ ನನ್ನ ಸೆರಗಿನಿಂದ ಅವಳ ಕೆನ್ನೆ ಒರೆಸಿದೆ. ಎಡಗೆನ್ನೆ ಪೂರ್ತಿ, ಕಿವಿಯ ಓಲೆಯವರೆಗೆ.

ಅವಳು ಮೆಷಿನ್ ನಿಲ್ಲಿಸಿದಳು. "ಅಕ್ಕಾ, ಯಾರಿಗೂ ಹೇಳ್ಬೇಡಿ. ಅವತ್ತು ಸೆರಗು ಮುಖಕ್ಕೆ ಎಳ್ಕೊಂಡು ಮನೆಗೆ ಓಡಿದ್ದೆ."

"ಯಾರನ್ನ ನೋಡ್ತಿದ್ದೆ?"

"ನಾನು ನೋಡಿದ್ದಲ್ಲಕ್ಕ. ಯಾರೋ ನನ್ನ ನೋಡ್ತಿದ್ರು. ಗೋಡೆ ಆಚೆಯಿಂದ. ಯಾರು ಅಂತ ಕತ್ಲಲ್ಲಿ ಗೊತ್ತಾಗ್ಲಿಲ್ಲ. ರೈಲು ಸೀನಿಂದ ಶುರುವಾಗಿದ್ದು, ಮುಗಿಯೋ ತನಕ. ಮೊದ್ಲು ಭಯ ಆಯ್ತು. ಆಮೇಲೆ ಇಂಟರ್‌ವಲ್ ಯಾಕಾದ್ರೂ ಬಂತೋ ಅನ್ನಿಸ್ತು. ದೀಪ ಹತ್ತಿದಾಗ ನಾಚ್ಕೊಂಡು ತಲೆ ತಗ್ಗಿಸಿ ಕೂತಿದ್ದೆ. ಇಂಟರ್‌ವಲ್ ಆದ್ಮೇಲೆ ಪೂರ್ತಿ ನಾನೂ ಆ ಕಡೆಗೇ ತಿರುಗಿದ್ದೆ. ತಿಥಿ ಸೀನಲ್ಲಿ ಅಳು ಬರ್ಬೇಕಾದಲ್ಲಿ ನಂಗೆ ನಗು ಬಂದ್ಬಿಡ್ತು, ಅಷ್ಟು ಖುಷಿ." ಕೈಗೆ ಅಂಟಿದ ಹಿಟ್ಟನ್ನು ಉಜ್ಜಿಕೊಂಡಳು. "ಮಿಲ್ಲಿಗೆ ಬರೋರು ತಕ್ಕಡಿ ನೋಡ್ತಾರೆ, ಹಿಟ್ಟು ನುಣ್ಣಗಿದೆಯಾ ನೋಡ್ತಾರೆ. ನನ್ನ ಯಾರು ನೋಡ್ತಾರೆ ಹೇಳಿ."

ನನ್ನ ಗಂಡ ನೋಡಿದ್ದು, ನಿನ್ನನ್ನಲ್ಲ, ನನ್ನನ್ನು. ಇಷ್ಟೇ ಹೇಳಬೇಕಿತ್ತು. ನಾಲಿಗೆಯ ತುದಿಯಲ್ಲಿತ್ತು.

"ಮೂರು ಜನ ಅರ್ಧಚಂದ್ರ ಅಂತಲ್ಲ ಅಕ್ಕ" ಎಂದು ಅವಳು ದನಿ ತಗ್ಗಿಸಿದಳು. "ಪರಶಿವಣ್ಣ ನಿಮ್ಮನ್ನ ನೋಡಿರ್ತಾರೆ, ಅದು ಬಿಡಿ. ಡೈರಿ ಗುಮಾಸ್ತ ಕೂರೋದು ಹಿಂದಿನ ಸಾಲು. ಉಳಿದೋರು ಬಸ್ ಏಜೆಂಟರು. ಒಳ್ಳೆ ಮನುಷ್ಯ ಅಲ್ವಾ ಅವ್ರು?"

"ಒಳ್ಳೇವ್ರೇ" ಅಂದೆ. ಗೋಧಿ ಬೀಸಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಡಬ್ಬಿ ಬಿಸಿಯಾಗಿ ಪಕ್ಕೆಗೆ ತಾಗುತ್ತಿತ್ತು. ನನ್ನ ಬಾಯಿಗೆ ಬರಬೇಕಾದ ತುತ್ತನ್ನು ಅವಳು ತಿಂದಿದ್ದಾಳೆ, ತಿಂದದ್ದು ಯಾರ ತುತ್ತೆಂದು ಕೂಡ ಅವಳಿಗೆ ಗೊತ್ತಿಲ್ಲ. ಗೊತ್ತಿದ್ದು ತಿಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ರಾಗಿಯೋ ಗೋಧಿಯೋ ಬೀಸಿಕೊಂಡಿರುವ ಹೆಣ್ಣಿನ ಮೇಲೆ ಇಷ್ಟು ಹೊಟ್ಟೆಕಿಚ್ಚು ಪಡುವುದು ನನಗೇ ಅಸಹ್ಯವಾಯಿತು. ಆದರೂ ಪಟ್ಟೆ.

ಎರಡನೇ ವಾರದ ಭಾನುವಾರ ನಾನೇ, "ಇನ್ನೊಂದ್ಸಲ ಹೋಗೋಣ ರೀ" ಅಂದೆ. ಅವರು ನಾನು ಹೇಳುವುದನ್ನೇ ಕಾಯುತ್ತಿದ್ದವರಂತೆ ಅಂಗಡಿ ಬಾಗಿಲು ಹಾಕಿ ಬಂದರು. ಕೆನ್ನೆಯಲ್ಲಿ ಹಳೆಯ ಬೆಳಕು ಮಂಕಾಗಿ ಇನ್ನೂ ಇತ್ತು. ನಾನು ಮತ್ತೆ ಕೆಂಪು ಸೀರೆ ಉಟ್ಟೆ. ಮೊದಲೇ ಹೋಗಿ ಎಫ್ ಒಂಬತ್ತರಲ್ಲಿ ಕೂತೆ. ಮುಂದಿನ ಸೀಟು ಖಾಲಿ, ತುರುಬು ಇಲ್ಲ.

ಗೌರಾ ಬಂದಳು. ನಾನು ಒಂದು ಕ್ಷಣ ಗುರುತು ಹಿಡಿಯಲಿಲ್ಲ. ಮುಖ ತೊಳೆದು, ಕೂದಲಿನ ಹಿಟ್ಟೆಲ್ಲ ಹೋಗುವ ಹಾಗೆ ಎರೆದುಕೊಂಡು, ಅದೇ ಕೆಂಪು ಸೀರೆ ಉಟ್ಟು ಬಂದಿದ್ದಳು. ಎಡಗೆನ್ನೆಯ ಬೆಳಕು ಆರಿಹೋಗಿತ್ತು. ಬಗ್ಗಿ ನನ್ನ ಕಿವಿಯಲ್ಲಿ ಕೇಳಿದಳು:

"ಅಕ್ಕಾ, ಅವತ್ತಿನ ಸೀಟು ಇನ್ನೊಂದ್ಸಲ ಕೊಡ್ತೀರಾ? ಅವ್ರು ಬಂದಿದ್ರೆ ಇಲ್ಲೇ ತಾನೇ ಹುಡುಕೋದು?"

ನಾನು ಕುರ್ಚಿಯ ಎರಡೂ ತೋಳು ಹಿಡಿದುಕೊಂಡೆ. "ಇಲ್ಲ ಕಣೇ. ಇದು ನನ್ನ ಸೀಟು."

ಅವಳು ಇನ್ನೇನೋ ಹೇಳುತ್ತೇನೆಂದು ಕಾದಳು. ಆಮೇಲೆ, "ಹೌದಲ್ವಾ" ಎಂದು ಸಾಲಿನ ಆ ತುದಿಗೆ ಹೋದಳು.

ರೈಲಿನ ಸೀನು ಬಂತು. ನಾನು ಎರಡೂ ಕೈ ಎತ್ತಿ ತಲೆಯ ಮೇಲಿಟ್ಟುಕೊಂಡೆ, ಮೊಣಕೈ ಅಗಲಿಸಿದೆ, ಒಂದು ಭುಜ ಮೇಲೆತ್ತಿದೆ. ಮದುವೆಮನೆಗೆ ಎರವಲು ಒಡವೆ ಹಾಕಿಕೊಂಡು ಹೋದಾಗ ಆಗುತ್ತದಲ್ಲ, ಹಾಗಾಯಿತು. ಅವರು ನೋಡುತ್ತಿದ್ದಾರೋ ಇಲ್ಲವೋ ತಿಳಿಯಬೇಕಿತ್ತು, ಮೆಲ್ಲಗೆ ತಿರುಗಿದೆ. ನೋಡುತ್ತಿದ್ದರು. ಗೋಡೆಯ ಆಚೆ ಆ ಮುಖ ನನ್ನ ಕಡೆಗೇ ಇತ್ತು, ಕಣ್ಣು ಕಿರಿದು ಮಾಡಿಕೊಂಡು, ಗಡಿಯಾರದ ಒಳಗಿನದನ್ನು ನೋಡುವ ಹಾಗೆ. ನನ್ನನ್ನು ಯಾರೂ ಯಾವತ್ತೂ ಹಾಗೆ ನೋಡಿರಲಿಲ್ಲ. ಕೈ ತಾನಾಗಿ ಕೆಳಗಿಳಿಯಿತು. ತಿಥಿಯಲ್ಲಿ ನಗಬೇಕೆಂಬುದು ಮರೆತೇಹೋಯಿತು. ಅವಳನ್ನೂ ಹೀಗೇ ನೋಡಿದ್ದರಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು, ಕಣ್ಣು ಕೀಳಲೂ ಆಗುತ್ತಿರಲಿಲ್ಲ. ಅವತ್ತು ಚಕೋರ ಬದುಕಿದನೋ ಸತ್ತನೋ ನಾನರಿಯೆ.

ಹೊರಗೆ ಬೇವಿನ ಮರದ ಕೆಳಗೆ ಜನ ಚಪ್ಪಾಳೆ ತಟ್ಟಿದರು. ಗಂಡನಿಗೆ ಬಲಗೆನ್ನೆ, ಹೆಂಡತಿಗೆ ಎಡಗೆನ್ನೆ. "ಎರಡೂ ಸೇರಿಸ್ರಪ್ಪ, ಹುಣ್ಣಿಮೆ ಆಗುತ್ತೆ" ಎಂದು ಕಾಂಪೌಂಡರ್ ರುದ್ರೇಶ ಕೂಗಿದ. ನಮ್ಮನೆಯವರು ಹಲ್ಲು ಕಿರಿದು ನಿಂತಿದ್ದರು. ಅವರ ಕೆನ್ನೆ ಹೋದ ವಾರಕ್ಕಿಂತ ಜೋರಾಗಿ ಹೊಳೆಯುತ್ತಿತ್ತು, ಆದರೆ ಹಳೆಯದರ ಮೇಲೆ ಹೊಸದು ಕೂತಿತ್ತು. ಅದರಲ್ಲಿ ಅವಳದೆಷ್ಟು, ನನ್ನದೆಷ್ಟು? ಅಕ್ಕಿಯಲ್ಲಿ ಕಲ್ಲಾದರೆ ಆರಿಸಬಹುದು, ಬೆಳಕನ್ನು ಹೇಗೆ ಆರಿಸುವುದು?

ಅಷ್ಟರಲ್ಲಿ ಗೌರಾ ಬಂದು ನಮ್ಮೆದುರಿಗೇ ನಿಂತಳು. ತೊಳೆದಿಟ್ಟ ಬಟ್ಟಲಿನಂಥ ಮುಖ, ಒಂದು ಹನಿ ಬೆಳಕಿಲ್ಲ. "ಯಾರೂ ನೋಡ್ಲಿಲ್ಲಕ್ಕ ಇವತ್ತು" ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು. "ಏಜೆಂಟರು ತೆರೆ ನೋಡ್ಕೊಂಡೇ ಕೂತಿದ್ರು." ಹೇಳುತ್ತಿದ್ದ ಹಾಗೆ ನನ್ನ ಎಡಗೆನ್ನೆ ನೋಡಿದಳು. ಪಕ್ಕದಲ್ಲಿ ಅವರ ಬಲಗೆನ್ನೆ ನೋಡಿದಳು. ಮತ್ತೆ ನನ್ನದು. ಸೇರು, ಪಾವು, ಚಟಾಕು ಎಂದು ದಿನವೆಲ್ಲ ಅಳೆದು ತೂಗುವವಳಿಗೆ ಲೆಕ್ಕ ತಿಳಿಯಲು ಎಷ್ಟು ಹೊತ್ತು ಬೇಕು?

"ಅಯ್ಯೋ ಶಿವನೇ" ಅಂದಳು. ಎರಡೂ ಕೈ ಎತ್ತಿ ತಲೆಯ ಮೇಲಿಟ್ಟುಕೊಂಡಳು. ಮೊಣಕೈ ಅಗಲಿಸಿ, ಒಂದು ಭುಜ ಮೇಲೆತ್ತಿ.

ಮಾರು ದೂರದ್ದು ಕಾಣದ ನಮ್ಮನೆಯವರಿಗೆ ಒಂದು ಮೊಳದ ಅಂತರದಲ್ಲಿ ಎಲ್ಲವೂ ಸ್ವಚ್ಛವಾಗಿ ಕಾಣುತ್ತದೆ. ಕಿರಿದ ಹಲ್ಲು ಹಾಗೇ ನಿಂತುಹೋಯಿತು. ಆ ಕೈ ನೋಡಿದರು, ಆ ಮೊಣಕೈ ನೋಡಿದರು. ಗೌರಾ ಕೈ ಇಳಿಸಿ, ಸೆರಗು ಹೊದ್ದು, "ನಾಳೆ ಮಿಲ್ಲು ಇರಲ್ಲಕ್ಕ, ಬೀಸೋ ಕಲ್ಲು ಸವೆದಿದೆ, ಕುಟ್ಟಿಸ್ಬೇಕು" ಎಂದು ಹೇಳಿ ಜನರ ನಡುವೆ ಹೋದಳು. ಅವಳು ಕೆಂಪು ಸೀರೆಗಳಲ್ಲಿ ಒಂದು ಕೆಂಪು ಸೀರೆಯಾಗುವವರೆಗೂ ಅವರು ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ಸುಲೋಚನ" ಅಂದರು. ಹನ್ನೆರಡು ವರ್ಷದಲ್ಲಿ ಅವರು ಆ ಪ್ರಶ್ನೆ ಕೇಳುವ ಪ್ರಮೇಯ ಬಂದಿರಲಿಲ್ಲ. "ಅವತ್ತು ನೀನು ಕೂತಿದ್ದು ಯಾವ ಸೀಟು?"

"ಇಲ್ಲಿ ಕೇಳ್ಬಾರ್ದು. ಮನೆಗೆ ನಡೀರಿ, ಬಾಗಿಲು ಹಾಕ್ಕೊಂಡು ಹೇಳ್ತೀನಿ."

ಯಾವಾಗಲೂ ನಾನು ಅವರ ಎಡಕ್ಕೆ ನಡೆಯುವವಳು. ಅವತ್ತು ಸುತ್ತಿಕೊಂಡು ಬಂದು ಬಲಕ್ಕೆ ನಿಂತೆ. ಅವರ ಹೊಳೆಯುವ ಕೆನ್ನೆ ನನ್ನ ಕಡೆ, ನನ್ನದು ಅವರ ಕಡೆ, ದಾರಿಯಲ್ಲಿ ಬರುವ ಬೇರೆ ಯಾರಿಗೂ ಕಾಣದ ಹಾಗೆ. ಆ ಪ್ರಶ್ನೆಗೆ ಸುಳ್ಳು ಹೇಳುವ ಹಾಗಿಲ್ಲ. ಟಾಕೀಸಿನಿಂದ ನಮ್ಮ ಮನೆಗೆ ಎರಡು ದಾರಿಗಳಿವೆ. ನಾನು ದೂರದ್ದನ್ನು ಹಿಡಿದೆ.